ಹತ್ತು ಕೈ, ಒಂದು ದನಿ: ಹೊಲದಲ್ಲಿ ಉಸಿರು ನಿಂತಾಗ

ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಒಬ್ಬನೇ ಇದ್ದರೆ ಏನಾದರೂ ಮಾಡುತ್ತಾನೆ. ಹತ್ತು ಜನರಿದ್ದರೆ ‘ನೀ ಹೊಡಿ, ನೀ ಹೊಡಿ’ ಎನ್ನುವಷ್ಟರಲ್ಲಿ ಹಾವು ಬಿಲ ಸೇರಿರುತ್ತದೆ. ಹಾವು ತಪ್ಪಿಸಿಕೊಂಡರೆ ದೊಡ್ಡ ನಷ್ಟವೇನೂ ಇಲ್ಲ. ಆದರೆ ಹೊಲದಲ್ಲಿ ಒಬ್ಬ ಮನುಷ್ಯ ಉಸಿರು ನಿಂತು ಬಿದ್ದಾಗಲೂ ನಾವು ಹೀಗೆಯೇ ಮಾಡಿದರೆ, ಆಗ ತಪ್ಪಿಹೋಗುವುದು ಒಂದು ಜೀವ.

ಪ್ರಿಯ ಓದುಗರೇ, ನಿಂತ ಹೃದಯವನ್ನು ಎದೆ ಒತ್ತಿ ಮತ್ತೆ ನಡೆಸುವ ಪ್ರಥಮ ಚಿಕಿತ್ಸೆಯ ಬಗ್ಗೆ ನಿಮ್ಮಲ್ಲಿ ಹಲವರು ಕೇಳಿರಬಹುದು. ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು ಎಂಬುದನ್ನು ಈ ಲೇಖನದಲ್ಲಿ ಹೇಳುತ್ತೇವೆ. ಅದಕ್ಕಿಂತ ಹೆಚ್ಚಾಗಿ, ಸುತ್ತ ನಿಂತ ಜನ ಹೇಗೆ ಕೆಲಸ ಹಂಚಿಕೊಳ್ಳಬೇಕು, ಒಬ್ಬರಿಗೊಬ್ಬರು ಹೇಗೆ ಮಾತನಾಡಬೇಕು ಎಂಬುದನ್ನು ವಿವರಿಸಲು ಬಯಸುತ್ತೇವೆ. ಏಕೆಂದರೆ ನಮ್ಮ ಕಡೆ ಕೊರತೆ ಇರುವುದು ಪ್ರೀತಿಗಲ್ಲ, ಕೈಗಳಿಗೂ ಅಲ್ಲ. ಕೊರತೆ ಇರುವುದು ಕೆಲಸದ ಹಂಚಿಕೆಗೆ.

ಮಂದ್ರೂಪದ ಸುತ್ತಿನ ಹೊಲಗಳು

ಮಂದ್ರೂಪ ಸೋಲಾಪುರ–ವಿಜಯಪುರ ಹೆದ್ದಾರಿಯ ಮೇಲಿನ ಊರು. ದಕ್ಷಿಣ ಸೋಲಾಪುರ ತಾಲೂಕಿನ ಈ ಭಾಗದಲ್ಲಿ ಒಂದು ಕಡೆ ಸೀನಾ, ಇನ್ನೊಂದು ಕಡೆ ಭೀಮಾ. ಬಿಳಿಜೋಳ, ತೊಗರಿ, ಉಳ್ಳಾಗಡ್ಡಿ, ಕಬ್ಬು, ದ್ರಾಕ್ಷಿ ಬೆಳೆಯುವ ನೆಲ. ಇಲ್ಲಿ ಹೃದಯಾಘಾತವೊಂದೇ ಅಪಾಯವಲ್ಲ. ಪಂಪ್‌ಸೆಟ್ಟಿನ ಕರೆಂಟು ಇದೆ, ಕಟ್ಟೆಯಿಲ್ಲದ ಬಾವಿ ಇದೆ, ಮುಂಗಾರಿಗೆ ಮುಂಚಿನ ಸಿಡಿಲು ಇದೆ, ದ್ರಾಕ್ಷಿ ಬಳ್ಳಿಗೆ ಹೊಡೆಯುವ ಔಷಧಿ ಇದೆ.

ಹೃದಯ ನಿಂತ ಮೇಲೆ ಮಿದುಳಿಗೆ ರಕ್ತ ಹೋಗುವುದಿಲ್ಲ. ನಾಲ್ಕರಿಂದ ಆರು ನಿಮಿಷಗಳಲ್ಲಿ ಮಿದುಳು ಕೆಡಲು ತೊಡಗುತ್ತದೆ. ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಕುಸಿಯುತ್ತದೆ ಎಂದು ವೈದ್ಯರು ಲೆಕ್ಕ ಹಾಕಿದ್ದಾರೆ. ಈಗ ನಮ್ಮ ದಾರಿಗಳನ್ನು ನೆನಪಿಸಿಕೊಳ್ಳಿ. ಸೋಲಾಪುರದ ದೊಡ್ಡ ಆಸ್ಪತ್ರೆ ಇಪ್ಪತ್ತು ಕಿಲೋಮೀಟರಿಗೂ ದೂರ. ಮಂದ್ರೂಪದಲ್ಲಿ ಗ್ರಾಮೀಣ ಆಸ್ಪತ್ರೆ ಇದ್ದರೂ ಹೊಲದಿಂದ ಅಲ್ಲಿಗೆ ಬರಬೇಕಲ್ಲ! ಮಳೆ ಬಿದ್ದ ಎರಿ ಭೂಮಿಯಲ್ಲಿ ಟ್ರ್ಯಾಕ್ಟರೇ ಹೂತು ನಿಲ್ಲುತ್ತದೆ. ಎಷ್ಟೇ ಬೇಗ ಹೊರಟರೂ ಆಂಬುಲೆನ್ಸು ಆರು ನಿಮಿಷದಲ್ಲಿ ಬಾವಿಯ ದಂಡೆಗೆ ಬರುವುದು ಕಷ್ಟ. ಆದ್ದರಿಂದ ಮೊದಲ ನಿಮಿಷಗಳ ವೈದ್ಯರು ಆ ಹೊಲದಲ್ಲಿ ಇದ್ದವರೇ. ಮನೆಯವರು, ಆಳುಗಳು, ಪಕ್ಕದ ಹೊಲದವರು.

ಗುಂಪು ಬೇರೆ, ತಂಡ ಬೇರೆ

ಒಬ್ಬ ರೈತ ಸ್ಟಾರ್ಟರ್ ಡಬ್ಬಿಯ ಹತ್ತಿರ ಬಿದ್ದಿದ್ದಾನೆ ಎನ್ನೋಣ. ಕೂಗು ಕೇಳಿ ಹತ್ತು ಜನ ಓಡಿ ಬರುತ್ತಾರೆ. ಒಬ್ಬರು ಮುಖಕ್ಕೆ ನೀರು ಚಿಮುಕಿಸುತ್ತಾರೆ. ಒಬ್ಬರು ಅಂಗಾಲು ತಿಕ್ಕುತ್ತಾರೆ. ಒಬ್ಬರು ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿಯುತ್ತಾರೆ. ಇಬ್ಬರು ಎತ್ತಿ ಕೂರಿಸಲು ನೋಡುತ್ತಾರೆ, ಇಬ್ಬರು ಬೇಡ ಎನ್ನುತ್ತಾರೆ. ‘ಯಾರರೆ ಫೋನ್ ಹಚ್ರೋ’ ಎಂದು ಎಲ್ಲರೂ ಕೂಗುತ್ತಾರೆ. ಯಾರೋ ಹಚ್ಚಿರಬೇಕು ಎಂದು ಎಲ್ಲರೂ ತಿಳಿಯುತ್ತಾರೆ. ಹತ್ತು ನಿಮಿಷವಾದ ಮೇಲೆ, ಯಾರೂ ಫೋನ್ ಮಾಡಿಲ್ಲ ಎಂದು ಗೊತ್ತಾಗುತ್ತದೆ.

ಇದೇ ಜನ ಕಬ್ಬು ಕಡಿಯುವಾಗ ಹೀಗೆ ಮಾಡುವುದಿಲ್ಲ. ಕಬ್ಬಿನ ಗ್ಯಾಂಗಿನಲ್ಲಿ ಕಡಿಯುವವರು ಯಾರು, ರವದಿ ಸುಲಿಯುವವರು ಯಾರು, ಹೊರೆ ಕಟ್ಟುವವರು ಯಾರು, ಗಾಡಿಗೆ ಏರಿಸುವವರು ಯಾರು ಎಂಬುದು ಮೊದಲೇ ಗೊತ್ತಿರುತ್ತದೆ. ಮುಕಾದಮ ಒಂದು ಮಾತು ಹೇಳಿದರೆ ಸಾಲು ಬದಲಾಗುತ್ತದೆ. ರಾಶಿ ಮಾಡುವಾಗಲೂ ಹಾಗೆಯೇ. ತೆನೆ ಕೊಡುವವನೇ ಚೀಲ ಹಿಡಿಯಲು ಓಡುವುದಿಲ್ಲ. ಅಂದರೆ ತಂಡವಾಗಿ ದುಡಿಯುವುದು ನಮಗೆ ಹೊಸದಲ್ಲ. ಭಯದ ಹೊತ್ತಿನಲ್ಲಿ ಮಾತ್ರ ಅದನ್ನು ಮರೆಯುತ್ತೇವೆ. ಭಯದ ಹೊತ್ತಿಗೆಂದೇ ಮೊದಲು ಮಾತಾಡಿಕೊಂಡು ಇಟ್ಟರೆ ಮರೆಯುವುದಿಲ್ಲ.

ಎರಡು ಕೈಗಳ ವಿದ್ಯೆ ಬಂದ ಬಗೆ

ಎದೆ ಒತ್ತಿ ರಕ್ತ ಹರಿಸುವ ಈ ವಿದ್ಯೆ ಹುಟ್ಟಿದ್ದೂ ಒಂದು ತಂಡದಿಂದ, ಅದೂ ಕರೆಂಟಿನ ಕಾರಣದಿಂದ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಕೌವೆನ್‌ಹೋವನ್ ಎಂಬ ವಿದ್ಯುತ್ ಎಂಜಿನಿಯರ್ ಇದ್ದರು. ಲೈನಿನ ಮೇಲೆ ಕೆಲಸ ಮಾಡುವ ಕಾರ್ಮಿಕರು ಶಾಕ್ ಹೊಡೆದು ಸಾಯುವುದನ್ನು ತಡೆಯುವ ದಾರಿ ಹುಡುಕುತ್ತಾ ಅವರು ಹೃದಯದ ಅಧ್ಯಯನಕ್ಕೆ ಬಂದರು. ಅವರ ಜೊತೆ ಕೆಲಸ ಮಾಡುತ್ತಿದ್ದ ಗೈ ನಿಕರ್‌ಬಾಕರ್ ಎಂಬ ತರುಣ, ಪ್ರಯೋಗದ ನಾಯಿಯ ಎದೆಯ ಮೇಲೆ ವಿದ್ಯುತ್ ಪಟ್ಟಿಗಳನ್ನು ಬಲವಾಗಿ ಅದುಮಿದಾಗ ರಕ್ತದ ಒತ್ತಡ ತುಸು ಏರಿದ್ದನ್ನು ಗಮನಿಸಿದ. ತಾನು ಕಂಡದ್ದನ್ನು ಆ ತರುಣ ಹೇಳಿದ, ಹಿರಿಯರು ಕಿವಿಗೊಟ್ಟರು. ಜೇಮ್ಸ್ ಜೂಡ್ ಎಂಬ ಶಸ್ತ್ರಚಿಕಿತ್ಸಕರು ಅದನ್ನು ರೋಗಿಗಳಿಗೆ ಅನ್ವಯಿಸಿದರು. 1960ರಲ್ಲಿ ಮೂವರೂ ಸೇರಿ ಪ್ರಕಟಿಸಿದ ವರದಿಯಿಂದ, ಹೃದಯ ನಿಂತವರಿಗೆ ಎದೆ ಕೊಯ್ಯದೆಯೇ ಬರಿಗೈಯಿಂದ ನೆರವು ಕೊಡಬಹುದು ಎಂದು ಜಗತ್ತಿಗೆ ತಿಳಿಯಿತು.

ಒಬ್ಬ ಎಂಜಿನಿಯರ್, ಒಬ್ಬ ತರುಣ, ಒಬ್ಬ ವೈದ್ಯ. ಕಿರಿಯನ ಮಾತನ್ನು ಹಿರಿಯರು ಕೇಳದೆ ಹೋಗಿದ್ದರೆ ಈ ವಿದ್ಯೆ ಇನ್ನೆಷ್ಟು ಕಾಲ ತಡವಾಗುತ್ತಿತ್ತೋ!

ಕೇಳದೆ ಹೋದ ಮಾತು

ಕಿರಿಯರ ಮಾತು ಕಿವಿಗೆ ಬೀಳದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಇದೆ. ಜಗತ್ತಿನ ಅನೇಕ ಕಡೆ ವೈದ್ಯರಿಗೆ ಇದನ್ನು ಪಾಠವಾಗಿ ಹೇಳಿಕೊಡುತ್ತಾರೆ.

2005ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಎಲೇನ್ ಬ್ರಾಮಿಲಿ ಎಂಬ 37 ವರ್ಷದ ತಾಯಿ ಮೂಗಿನ ಸಣ್ಣ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆಗೆ ಹೋದರು. ಅರಿವಳಿಕೆ ಕೊಟ್ಟ ಮೇಲೆ ಅವರ ಶ್ವಾಸದ ದಾರಿ ಮುಚ್ಚಿಕೊಂಡಿತು. ಅನುಭವಿ ವೈದ್ಯರು ಮೂವರು ಕೂಡಿ ಗಂಟಲಿನೊಳಗೆ ನಳಿಕೆ ಇಳಿಸಲು ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಪ್ರಯತ್ನಿಸಿದರು. ಅಂಥ ಸ್ಥಿತಿಯಲ್ಲಿ ಉಳಿಯುವ ಕೊನೆಯ ದಾರಿ ಕುತ್ತಿಗೆಯಲ್ಲಿ ರಂಧ್ರ ಮಾಡಿ ಉಸಿರು ಕೊಡುವುದು. ಒಬ್ಬ ದಾದಿ ಅದರ ಸಲಕರಣೆಗಳನ್ನು ತಂದು, ಸಿದ್ಧವಿದೆ ಎಂದು ಹೇಳಿದರು. ವೈದ್ಯರು ಅದನ್ನು ಬಳಸಲಿಲ್ಲ. ಇನ್ನೊಬ್ಬ ದಾದಿ ತೀವ್ರ ನಿಗಾ ವಿಭಾಗಕ್ಕೆ ಫೋನ್ ಮಾಡಿ ಹಾಸಿಗೆ ಕಾದಿರಿಸಿದರು. ತಾನು ಅತಿ ಮಾಡುತ್ತಿದ್ದೇನೆ ಎಂಬಂತೆ ಉಳಿದವರು ನೋಡಿದ್ದರಿಂದ ಅದನ್ನು ರದ್ದು ಮಾಡಿದರು. ಎಲೇನ್ ಮತ್ತೆ ಎಚ್ಚರಗೊಳ್ಳಲೇ ಇಲ್ಲ. ಹದಿಮೂರು ದಿನಗಳ ನಂತರ ತೀರಿಕೊಂಡರು.

ಆ ಕೋಣೆಯಲ್ಲಿ ತಿಳಿವಳಿಕೆಗೆ ಕೊರತೆ ಇರಲಿಲ್ಲ, ಸಲಕರಣೆಗಳಿಗೂ ಇರಲಿಲ್ಲ. ಏನು ಮಾಡಬೇಕೆಂದು ತಿಳಿದವರ ದನಿ, ಕೆಲಸದಲ್ಲಿ ಮುಳುಗಿದವರ ಕಿವಿಗೆ ತಲುಪಲಿಲ್ಲ. ಯಾರು ಮುಂದಾಳು ಎಂಬುದೂ ಸ್ಪಷ್ಟವಾಗಿರಲಿಲ್ಲ.

ಎಲೇನ್ ಅವರ ಗಂಡ ಮಾರ್ಟಿನ್ ವಿಮಾನದ ಪೈಲಟ್. ವಿಮಾನದಲ್ಲಿ ಕಿರಿಯ ಪೈಲಟ್ ತಪ್ಪು ಕಂಡರೆ ಬಾಯಿಬಿಟ್ಟು ಹೇಳಬೇಕು, ಹಿರಿಯನು ಕೇಳಬೇಕು. ಕೆಳಗಿನಿಂದ ಬಂದ ಸೂಚನೆಯನ್ನು ಪೈಲಟ್ ತಿರುಗಿ ಹೇಳಿ ಖಚಿತಪಡಿಸಬೇಕು. ಅನೇಕ ಅಪಘಾತಗಳ ನಂತರ ವಿಮಾನ ಕ್ಷೇತ್ರ ಕಲಿತ ಪಾಠಗಳಿವು. ಮಾರ್ಟಿನ್ ಯಾರನ್ನೂ ಶಿಕ್ಷಿಸಿರೆಂದು ಕೇಳಲಿಲ್ಲ. ಏನಾಯಿತೆಂದು ತಿಳಿಸಿ, ಮುಂದಿನವರು ಕಲಿಯಲಿ ಎಂದು ಕೇಳಿದರು. 2007ರಲ್ಲಿ ಅದಕ್ಕೆಂದೇ ಒಂದು ಸಂಸ್ಥೆಯನ್ನೂ ಕಟ್ಟಿದರು.

ಓದುಗರೇ, ಆ ದಾದಿಯ ಜಾಗದಲ್ಲಿ ನಮ್ಮ ಮನೆಯ ಸೊಸೆಯನ್ನು ಇಟ್ಟು ನೋಡಿ. ಮಾವ ಅಂಗಳದಲ್ಲಿ ಕುಸಿದು ಬಿದ್ದಿದ್ದಾರೆ. ಆಕೆ ಶಾಲೆಯಲ್ಲಿಯೋ ಸ್ವಸಹಾಯ ಸಂಘದಲ್ಲಿಯೋ ಎದೆ ಒತ್ತುವುದನ್ನು ಕಲಿತಿದ್ದಾಳೆ. ಆದರೆ ಊರ ಹಿರಿಯರು ಸುತ್ತ ನಿಂತಿದ್ದಾರೆ, ಸೆರಗು ಹೊದ್ದು ಹಿಂದೆ ನಿಂತವಳಿಗೆ ಮಾತನಾಡುವ ಧೈರ್ಯ ಬರುವುದಿಲ್ಲ. ಆ ಮೌನಕ್ಕೆ ಒಂದು ಜೀವವೇ ಬೆಲೆಯಾಗಬಹುದು. ಹಿರಿಯರು ಮೊದಲೇ ಮನೆಯಲ್ಲಿ ಹೀಗೆ ಹೇಳಿಡಬೇಕು: ‘ಇಂಥ ಹೊತ್ತಿನ್ಯಾಗ ಯಾರಿಗೆ ಗೊತ್ತೈತೋ ಅವರೇ ಹಿರಿಯರು. ಸಣ್ಣವರು ಅಂತ ಸುಮ್ಮ ನಿಲ್ಲಬ್ಯಾಡ್ರಿ.’

ಐದು ಕೆಲಸಗಳು

ಹಾಗಾದರೆ ಕೆಲಸವನ್ನು ಹೇಗೆ ಹಂಚಬೇಕು? ನಾವು ಐದು ಭಾಗ ಮಾಡಿದ್ದೇವೆ.

ಮೊದಲನೆಯದು ಮುಂದಾಳಿನ ಕೆಲಸ. ಕಲಿತವರು ಯಾರೇ ಇರಲಿ, ‘ನಾನು ಹೇಳ್ತೀನಿ, ಎಲ್ಲಾರೂ ಕೇಳ್ರಿ’ ಎಂದು ಗಟ್ಟಿಯಾಗಿ ಹೇಳಿ ಮುಂದಾಳಾಗಬೇಕು. ಮುಂದಾಳಿನ ಮೊದಲ ಕರ್ತವ್ಯ ಇನ್ನೊಬ್ಬರು ಬೀಳದಂತೆ ತಡೆಯುವುದು. ಕರೆಂಟು ಹಿಡಿದವರನ್ನು ಮುಟ್ಟುವ ಮುನ್ನ ಮೇನ್ ಸ್ವಿಚ್ ಬಂದ್ ಆಗಿದೆಯೇ ನೋಡಬೇಕು. ಲೈನಿನ ತಂತಿಯೇ ಹರಿದು ಬಿದ್ದಿದ್ದರೆ ಹತ್ತಿರ ಹೋಗಗೊಡದೆ ಲೈನ್‌ಮನ್‌ಗೆ ತಿಳಿಸಿ, ಕರೆಂಟು ತೆಗೆಸಬೇಕು. ಹಳೆಯ ಬಾವಿಗೆ ಅಥವಾ ಜೋಳದ ಹಗೇವಿಗೆ ಇಳಿದವನು ಕುಸಿದರೆ ಒಳಗಿನ ಗಾಳಿಯೇ ಕೆಟ್ಟಿದೆ ಎಂದು ತಿಳಿಯಬೇಕು. ಅವನ ಹಿಂದೆ ಅಣ್ಣ, ಅಣ್ಣನ ಹಿಂದೆ ಮಗ ಹೀಗೆ ಇಳಿದರೆ ಒಂದು ಹೆಣದ ಬದಲು ಮೂರು ಹೆಣ ಮೇಲೆ ಬರುತ್ತವೆ. ‘ನಿಲ್ಲು’ ಎನ್ನುವ ಧೈರ್ಯ ಮುಂದಾಳಿಗೆ ಬೇಕು.

ಎರಡನೆಯದು ಒತ್ತುವವರ ಕೆಲಸ. ಇದಕ್ಕೆ ಕನಿಷ್ಠ ಇಬ್ಬರು ಬೇಕು. ಮೊದಲು ಭುಜ ತಟ್ಟಿ ಗಟ್ಟಿಯಾಗಿ ಕರೆಯಬೇಕು. ಎದೆ ಏರಿಳಿಯುತ್ತಿದೆಯೇ ಎಂದು ಹತ್ತು ಸೆಕೆಂಡಿನೊಳಗೆ ನೋಡಬೇಕು. ನೀರಿನಿಂದ ತೆಗೆದ ಮೀನಿನ ಹಾಗೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆಯುವುದನ್ನು ಉಸಿರು ಎಂದು ತಿಳಿಯಬಾರದು. ಪ್ರತಿಕ್ರಿಯೆಯೂ ಸರಿಯಾದ ಉಸಿರೂ ಇಲ್ಲದಿದ್ದರೆ ಕೂಡಲೇ ಒತ್ತಲು ತೊಡಗಬೇಕು. ಹೊರಸಿನ ಮೇಲಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಬೇಕು. ಎದೆಯ ನಡುವಿನ ಎಲುಬಿನ ಕೆಳ ಅರ್ಧದ ಮೇಲೆ ಒಂದು ಅಂಗೈ, ಅದರ ಮೇಲೆ ಇನ್ನೊಂದು ಅಂಗೈ ಇಟ್ಟು, ಮೊಣಕೈ ಬಾಗಿಸದೆ ಮೈಭಾರ ಹಾಕಿ ಒತ್ತಬೇಕು. ದೊಡ್ಡವರಿಗೆ 5 ಸೆಂಟಿಮೀಟರ್ ಆಳ, 6ಕ್ಕಿಂತ ಹೆಚ್ಚು ಬೇಡ. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು.

ಮೂರನೆಯದು ಎಣಿಸುವ ಕೆಲಸ. ಒಬ್ಬರು ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಒಂದರಿಂದ ಮೂವತ್ತರವರೆಗೆ ಎಣಿಸಿ ಒಂದು ಬೆರಳು ಮಡಿಸಬೇಕು. ಎಂಟು ಬೆರಳು ಮಡಿಸುವಷ್ಟರಲ್ಲಿ ಸುಮಾರು ಎರಡು ನಿಮಿಷವಾಗಿರುತ್ತದೆ. ಆಗ ‘ಬದಲಿ’ ಎಂದು ಕೂಗಬೇಕು. ಎಂಥ ಗಟ್ಟಿ ಆಳಾದರೂ ಎರಡು ನಿಮಿಷದಲ್ಲಿ ದಣಿಯುತ್ತಾನೆ. ದಣಿದದ್ದು ಅವನಿಗೇ ತಿಳಿಯುವುದಿಲ್ಲ, ಒತ್ತು ಮಾತ್ರ ಹಗುರಾಗುತ್ತದೆ. ಎರಡನೆಯವರು ಎದುರು ಬದಿಯಲ್ಲಿ ಮೊದಲೇ ಮೊಣಕಾಲೂರಿ ಸಿದ್ಧರಿದ್ದರೆ ಬದಲಿಗೆ ನಾಲ್ಕೈದು ಸೆಕೆಂಡು ಸಾಕು. ಬಿಡುವು ಹತ್ತು ಸೆಕೆಂಡು ಮೀರಬಾರದು. ಏತದ ನೀರು ನಿಂತರೆ ಕಾಲುವೆ ಒಣಗುವಂತೆ, ಒತ್ತು ನಿಂತರೆ ಮಿದುಳಿಗೆ ಹೋಗುವ ರಕ್ತವೂ ನಿಲ್ಲುತ್ತದೆ.

ನಾಲ್ಕನೆಯದು ಫೋನಿನ ಕೆಲಸ, ಐದನೆಯದು ದಾರಿಯ ಕೆಲಸ. ಫೋನ್ ಹಚ್ಚಿದವರು ಅದನ್ನು ಇಡದೆ, ಅಲ್ಲಿಂದ ಕೇಳುವ ಪ್ರಶ್ನೆಗೆ ಉತ್ತರ ಹೇಳಬೇಕು. ಇನ್ನೊಬ್ಬರು ಮೋಟಾರ್ ಸೈಕಲ್ ಹತ್ತಿ ಡಾಂಬರು ರಸ್ತೆಗೆ ಹೋಗಿ ನಿಂತು, ರಾತ್ರಿಯಾದರೆ ಬ್ಯಾಟರಿ ಬೀಸಿ ಗಾಡಿಯನ್ನು ಹೊಲಕ್ಕೆ ಕರೆತರಬೇಕು. ಹೊಲದ ದಾರಿ ಹುಡುಕುತ್ತಾ ಆಂಬುಲೆನ್ಸು ಸುತ್ತಾಡಬಾರದು.

ಜನ ಇಬ್ಬರೇ ಇದ್ದರೆ ಒಬ್ಬರು ಫೋನ್ ಹಚ್ಚಿ ಬಂದು ಒತ್ತುವುದರಲ್ಲಿ ಸೇರಬೇಕು. ಒಬ್ಬರೇ ಇದ್ದರೆ ಫೋನಿನ ಸ್ಪೀಕರ್ ತೆರೆದು ಪಕ್ಕಕ್ಕಿಟ್ಟು, ಮಾತಾಡುತ್ತಲೇ ಒತ್ತಬಹುದು.

ಮಾತು ಹೀಗಿರಲಿ

ಎಲ್ಲರಿಗೂ ಹೇಳಿದ ಮಾತು ಯಾರಿಗೂ ಹೇಳಿದ ಹಾಗಲ್ಲ. ಆದ್ದರಿಂದ ಹೆಸರು ಹಿಡಿದು ಒಂದೇ ಕೆಲಸ ಹೇಳಬೇಕು. ಕೇಳಿದವರು ಅದನ್ನು ತಿರುಗಿ ಹೇಳಬೇಕು. ಮುಗಿದ ಮೇಲೆ ಬಂದು ತಿಳಿಸಬೇಕು.

‘ಜೋಸೆಫ, 108ಕ್ಕ ಫೋನ್ ಹಚ್ಚು. ಹಚ್ಚಿದ್ದು ನನಗ ಹೇಳು.’

‘108ಕ್ಕ ಹಚ್ಚಾಕತ್ತೀನಿ ಕಾಕಾ.’

‘ಕಾಕಾ, ಫೋನ್ ಹತ್ತೇತಿ. ಗಾಡಿ ಹೊಂಟೈತಿ ಅಂದ್ರು.’

ಇಷ್ಟೇ. ಆಸ್ಪತ್ರೆಯ ತುರ್ತು ಕೋಣೆಯಲ್ಲಿ ತರಬೇತಾದ ತಂಡಗಳೂ ಇದೇ ಕ್ರಮವನ್ನು ಅನುಸರಿಸುತ್ತವೆ. ವೈದ್ಯರು ಇಂಥ ಔಷಧಿ ಇಷ್ಟು ಕೊಡಿ ಎಂದರೆ, ದಾದಿ ಔಷಧಿಯ ಹೆಸರನ್ನೂ ಅಳತೆಯನ್ನೂ ತಿರುಗಿ ಹೇಳುತ್ತಾರೆ, ಕೊಟ್ಟ ಮೇಲೆ ಕೊಟ್ಟೆ ಎನ್ನುತ್ತಾರೆ.

ತಪ್ಪು ಕಂಡವರು, ಎಷ್ಟೇ ಸಣ್ಣವರಿರಲಿ, ಮೊದಲು ಕಂಡದ್ದನ್ನು ಹೇಳಬೇಕು: ‘ಮಾವಾರ, ಅವರು ಉಸಿರಾಡವಲ್ಲರು.’ ಕೇಳದಿದ್ದರೆ ಮಾಡಬೇಕಾದ್ದನ್ನು ಹೇಳಬೇಕು: ‘ನೀರು ಕುಡಿಸಬ್ಯಾಡ್ರಿ, ಎದಿ ಒತ್ತಬೇಕು.’ ಆಗಲೂ ಕೇಳದಿದ್ದರೆ ‘ನಿಲ್ಲ್ರಿ!’ ಎಂದು ಕೂಗಿ ತಾವೇ ಮೊಣಕಾಲೂರಬೇಕು. ಇದರಲ್ಲಿ ಹಿರಿಯರಿಗೆ ಅಗೌರವವಿಲ್ಲ. ಮುಂದಾಳು ಕೂಡ ಎರಡು ನಿಮಿಷಕ್ಕೊಮ್ಮೆ ‘ನಾ ಏನರೆ ಮರತೀನೇನು?’ ಎಂದು ಸುತ್ತಲಿನವರನ್ನು ಕೇಳುವುದು ಒಳ್ಳೆಯದು.

ಗಡಿಯ ಫೋನು

ನಾವು ಗಡಿಯ ಜನ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. 108 ಸೇವೆ ಕರ್ನಾಟಕದಲ್ಲಿ 2008ರಲ್ಲಿಯೂ ಮಹಾರಾಷ್ಟ್ರದಲ್ಲಿ 2014ರಲ್ಲಿಯೂ ಆರಂಭವಾಯಿತು. ಸಂಖ್ಯೆ ಒಂದೇ ಆದರೂ ವ್ಯವಸ್ಥೆ ಬೇರೆ. ಭೀಮೆಯ ದಂಡೆಯ ಹೊಲಗಳಲ್ಲಿ ಮೊಬೈಲಿಗೆ ಆಚೆ ದಂಡೆಯ ಟವರು ಸಿಕ್ಕರೆ ಕರೆ ಆ ರಾಜ್ಯಕ್ಕೆ ಹೋಗಬಹುದು. ಆದ್ದರಿಂದ ಫೋನ್ ಹಿಡಿದವರು ಮೊದಲೇ ‘ಮಹಾರಾಷ್ಟ್ರ, ಸೋಲಾಪುರ ಜಿಲ್ಲೆ, ದಕ್ಷಿಣ ಸೋಲಾಪುರ ತಾಲೂಕು’ ಎಂದು ಹೇಳಿ, ಬಳಿಕ ಊರು, ಹೊಲದ ಹತ್ತಿರದ ಗುಡಿ, ಶಾಲೆ ಅಥವಾ ಡಿಪಿಯ ಗುರುತು ಹೇಳಬೇಕು. ತುರ್ತಿಗೆ 112 ಸಂಖ್ಯೆಯೂ ಇದೆ.

ಮರಾಠಿ ಸರಿಯಾಗಿ ಬಾರದ ಅಜ್ಜಿಯೂ ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಲಿ: ‘ಮಾಣೂಸ ಬೇಶುದ್ಧ ಆಹೇ, ಶ್ವಾಸ ಘೇತ ನಾಹೀ.’ ಮನುಷ್ಯ ಎಚ್ಚರ ತಪ್ಪಿದ್ದಾನೆ, ಉಸಿರಾಡುತ್ತಿಲ್ಲ ಎಂದು ಇದರ ಅರ್ಥ. ಈ ಎರಡು ಸಂಗತಿ ಕೇಳಿದರೆ ವಿಷಯ ಎಷ್ಟು ತುರ್ತಿನದೆಂದು ಆ ಕಡೆಯವರಿಗೆ ತಿಳಿಯುತ್ತದೆ.

ಬಾವಿ, ಸಿಡಿಲು, ಔಷಧಿ

ಕಾರಣ ಬೇರೆಯಾದಾಗ ಕೆಲಸದಲ್ಲಿ ಸಣ್ಣ ಬದಲಾವಣೆಗಳಿವೆ.

ನೀರಿನಲ್ಲಿ ಮುಳುಗಿದವರಿಗೆ ಉಸಿರಿನ ಕೊರತೆಯೇ ಮೂಲ. ತರಬೇತಿ ಪಡೆದವರಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಬಳಿಕ 30 ಸಲ ಒತ್ತಿ 2 ಸಲ ಉಸಿರು ಎಂಬ ಕ್ರಮದಲ್ಲಿ ನಡೆಸಬೇಕು. ಮಕ್ಕಳನ್ನು ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಅದುಮಿ ನೀರು ತೆಗೆಯುವುದು ಬೇಡ. ಅದರಿಂದ ಹೊತ್ತು ಹಾಳಾಗುತ್ತದೆ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಇದೆ.

ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಧೈರ್ಯವಾಗಿ ಮುಟ್ಟಬಹುದು. ಮೂರು ನಾಲ್ಕು ಜನರಿಗೆ ಒಟ್ಟಿಗೆ ಬಡಿದಿದ್ದರೆ ಮುಂದಾಳು ಒಂದು ಕಠಿಣ ತೀರ್ಮಾನ ಮಾಡಬೇಕಾಗುತ್ತದೆ. ನರಳುತ್ತಿರುವವರು ಉಸಿರಾಡುತ್ತಿದ್ದಾರೆ, ಅವರು ಕಾಯಬಲ್ಲರು. ಸತ್ತಂತೆ ಬಿದ್ದವರ ಕಡೆಗೇ ಮೊದಲು ಹೋಗಬೇಕು. ಒತ್ತಿದರೆ ಬದುಕುವ ಅವಕಾಶ ಇರುವುದು ಅವರಿಗೇ.

ಕೀಟನಾಶಕದ ವಿಷವಾದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬಾರದು. ಒತ್ತುವುದು ನಡೆದಿರುವಾಗಲೇ ಇನ್ನೊಬ್ಬರು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಔಷಧಿ ಬಿದ್ದ ಬಟ್ಟೆ ತೆಗೆದು, ಮೈ ತೊಳೆಯಬೇಕು. ಔಷಧಿಯ ಡಬ್ಬಿಯನ್ನು ಬಿಸಾಡದೆ ಆಸ್ಪತ್ರೆಗೆ ಒಯ್ಯಬೇಕು.

ಆಸ್ಪತ್ರೆಯವರಿಗೆ ಹೇಳುವ ನಾಲ್ಕು ಮಾತು

ಗಾಡಿ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಅತ್ತು ಹೇಳಿದರೆ ಏನೂ ತಿಳಿಯುವುದಿಲ್ಲ. ಒಬ್ಬರೇ ಮಾತನಾಡಬೇಕು, ನಾಲ್ಕು ವಿಷಯ ಹೇಳಬೇಕು: ಏನಾಯಿತು, ಎಷ್ಟು ಗಂಟೆಗೆ ಬಿದ್ದರು, ಎಷ್ಟು ಗಂಟೆಯಿಂದ ಒತ್ತುತ್ತಿದ್ದೇವೆ, ಮೊದಲಿನಿಂದ ಯಾವ ರೋಗ ಮತ್ತು ಮಾತ್ರೆ ಇವೆ. ಎಣಿಸುವವರು ಹೊತ್ತನ್ನು ಅಂಗೈ ಮೇಲೆ ಬರೆದುಕೊಂಡರೂ ಸಾಕು. ಹೇಳುವಾಗಲೂ ಒತ್ತುವುದು ನಿಲ್ಲಬಾರದು. ಗಾಡಿಯವರು ‘ಬಿಡಿ’ ಎಂದಾಗ, ಅಥವಾ ಬಿದ್ದವರು ಉಸಿರಾಡಿ ಕೈಕಾಲು ಆಡಿಸಿದಾಗ ಮಾತ್ರ ಬಿಡಬೇಕು.

ಸರಿಯಾದ ಸುದ್ದಿ ಸರಿಯಾದವರಿಗೆ ಮುಟ್ಟಿದರೆ ಏನು ಸಾಧ್ಯ ಎಂಬುದನ್ನು ಗಡಿಯಾಚೆ ನೋಡಬಹುದು. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡದ್ದು ನಮಗೆಲ್ಲ ನೆನಪಿದೆ. ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ಎದೆನೋವೆಂದು ತಾಲೂಕು ಆಸ್ಪತ್ರೆಗೆ ಬಂದವರ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರು ದೂರದಿಂದಲೇ ನೋಡಿ ಸಲಹೆ ಹೇಳುತ್ತಾರೆ. ಹೃದಯಾಘಾತವೆಂದು ತಿಳಿದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಡುತ್ತಾರೆ. ದೂರದ ಇಬ್ಬರು ವೈದ್ಯರ ನಡುವಿನ ಮಾತುಕತೆಯೇ ಈ ಯೋಜನೆಯ ಜೀವಾಳ.

ಕಲಿಯಲು ಒಂದು ಸಂಜೆ ಸಾಕು

ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಹಿಂಜರಿದು ಜನ ಏನೂ ಮಾಡದೆ ನಿಲ್ಲುತ್ತಾರೆ. ಇದನ್ನು ಅರಿತ ನಮ್ಮ ದೇಶದ ಅರಿವಳಿಕೆ ತಜ್ಞರು, ಸಾಮಾನ್ಯ ಜನ ಉಸಿರು ಕೊಡದೆ ಕೇವಲ ಎದೆ ಒತ್ತಿದರೂ ಸಾಕೆಂಬ ಸುಲಭ ಕ್ರಮವನ್ನು 2017ರಲ್ಲಿ ರೂಪಿಸಿದರು. ಗುರುತಿಸು ಮತ್ತು ನೆರವು ಕರೆ, ಒತ್ತು, ಬೇಗ ಆಸ್ಪತ್ರೆಗೆ ಸಾಗಿಸು ಎಂಬ ಮೂರೇ ಹೆಜ್ಜೆ. ಇದಕ್ಕೆ ಓದು ಬರಹ ಬೇಕಿಲ್ಲ.

ಆರೋಗ್ಯ ಕೇಂದ್ರದ ವೈದ್ಯರನ್ನೋ ದಾದಿಯರನ್ನೋ ಒಂದು ಭಾನುವಾರ ಪೂಜೆಯ ನಂತರ ಸಭಾಭವನಕ್ಕೆ ಕರೆಸಿ ಕಲಿಯಬಹುದು. ತರಬೇತಿ ಗೊಂಬೆ ಇಲ್ಲದಿದ್ದರೆ ಗಟ್ಟಿಯಾಗಿ ತುಂಬಿದ ತಲೆದಿಂಬಿನ ಮೇಲೆ ಕೈಯ ಪಟ್ಟು ರೂಢಿ ಮಾಡಬಹುದು. ಚೆನ್ನಾಗಿರುವ ಮನುಷ್ಯನ ಎದೆಯ ಮೇಲೆ ಮಾತ್ರ ಒತ್ತಿ ನೋಡಬಾರದು. ಒತ್ತುವುದನ್ನಷ್ಟೇ ಕಲಿತು ಎದ್ದು ಹೋಗದೆ, ಐದು ಕೆಲಸ ಹಂಚಿಕೊಂಡು, ಹೆಸರು ಹಿಡಿದು ಕೂಗಿ, ತಿರುಗಿ ಉತ್ತರ ಹೇಳಿ ಎರಡು ಮೂರು ಸಲ ಆಟದಂತೆ ನಡೆಸಿರಿ. ಹೆಣ್ಣುಮಕ್ಕಳು ಕಡ್ಡಾಯವಾಗಿ ಕಲಿಯಲಿ. ಹೆಂಗಸರು ಬಿದ್ದಾಗ ಗಂಡಸರು ಎದೆ ಮುಟ್ಟಲು ಅಂಜಿ ನಿಲ್ಲುವುದುಂಟು. ಯಾರು ಬಿದ್ದರೂ, ಯಾರು ಒತ್ತಿದರೂ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಪೊಲೀಸರ ಭಯವೂ ಬೇಡ. ಹೆದ್ದಾರಿಯ ಅಪಘಾತದಲ್ಲಿ ನೆರವಾದವರಿಗೆ ಕಿರುಕುಳ ಆಗಬಾರದೆಂದು ಸುಪ್ರೀಂ ಕೋರ್ಟ್ 2016ರಲ್ಲಿಯೇ ಮಾರ್ಗಸೂಚಿಗಳಿಗೆ ಒಪ್ಪಿಗೆ ಕೊಟ್ಟಿದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿಯೂ ಅಂಥವರಿಗೆ ರಕ್ಷಣೆ ಇದೆ.

ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು. ಎಲ್ಲವನ್ನೂ ಸರಿಯಾಗಿ ಮಾಡಿದರೂ ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಹೆಚ್ಚಿನವರು ಉಳಿಯುವುದಿಲ್ಲ. ಹಾಗಾದಾಗ ‘ನೀ ಸರಿಯಾಗಿ ಒತ್ತಲಿಲ್ಲ’, ‘ನೀ ತಡ ಮಾಡಿದಿ’ ಎಂದು ಯಾರನ್ನೂ ದೂರಬಾರದು. ದುಃಖ ತುಸು ಇಳಿದ ಮೇಲೆ, ನೆರವಾದವರೆಲ್ಲ ಒಟ್ಟಿಗೆ ಕುಳಿತು ಏನು ಚೆನ್ನಾಗಿ ನಡೆಯಿತು, ಮುಂದಿನ ಸಲ ಏನು ಬೇರೆ ಮಾಡಬೇಕು ಎಂದು ಶಾಂತವಾಗಿ ಮಾತಾಡಬೇಕು. ಹೆಂಡತಿಯನ್ನು ಕಳೆದುಕೊಂಡ ಆ ಪೈಲಟ್ ಕೇಳಿದ್ದೂ ಇಷ್ಟನ್ನೇ. ಒತ್ತಿದ ಕೈಗಳಿಗೆ ನಮ್ಮಿಂದ ಸಲ್ಲಬೇಕಾದ್ದು ಕೃತಜ್ಞತೆ.

ಈ ವಾರವೇ ಒಂದು ಕೆಲಸ ಮಾಡಿರಿ. ಊಟದ ಹೊತ್ತಿನಲ್ಲಿ ಮನೆಮಂದಿಯೆಲ್ಲ ಕುಳಿತಾಗ, ಯಾರು ಒತ್ತುವವರು, ಯಾರು ಎಣಿಸುವವರು, ಯಾರು ಫೋನು, ಯಾರು ದಾರಿ ಎಂದು ಹಂಚಿಕೊಳ್ಳಿರಿ. ಸ್ಟಾರ್ಟರ್ ಡಬ್ಬಿಯ ಬಾಗಿಲ ಮೇಲೆ ಸುಣ್ಣದಿಂದಲೋ ಬಣ್ಣದಿಂದಲೋ 108 ಎಂದು ದೊಡ್ಡದಾಗಿ ಬರೆಯಿರಿ. ಅದರ ಕೆಳಗೆ ಊರಿನ ಹೆಸರು, ಹೊಲದ ಗುರುತು, ಲೈನ್‌ಮನ್ನನ ಫೋನ್ ಸಂಖ್ಯೆ ಇರಲಿ. ಪಕ್ಕದ ಹೊಲದವರಿಗೂ ತೋರಿಸಿರಿ. ಆಪತ್ತಿನ ದಿನ ಮೊದಲು ಓಡಿ ಬರುವವರು ಅವರೇ.